ದುಗ್ಗಣ್ಣ ಎತ್ತದ ಫೋನಿನ ವಿಷಯವಾಗಿ ಇಂಟರ್ನೆಟ್ ಟೆಲಿಫೋನ್ ಮಹಾಶಯರಿಗೆ

ದೋಹಾ

ಗೆ,
ಮಾನ್ಯ ಇಂಟರ್ನೆಟ್ ಟೆಲಿಫೋನ್ ಮಹಾಶಯರು,
ಸರ್ವರ್ ಕೋಣೆ, ನೆಲಮಾಳಿಗೆ,
ನಮ್ಮ ವಿಶ್ವವಿದ್ಯಾಲಯ.

ಮಾನ್ಯರೇ, ಮಹಾಮಾನ್ಯರೇ, ಸದಾ ಹದಿನೆಂಟು ಡಿಗ್ರಿಯಲ್ಲಿ ವಿರಾಜಮಾನರಾಗಿರುವವರೇ,

ಮೊದಲಿಗೆ ತಮ್ಮ ಪಾದಗಳಿಗೆ, ಪಾದಗಳಿಲ್ಲದಿದ್ದರೆ ತಮ್ಮ ನೀಲಿ ಕೇಬಲ್‌ಗಳಿಗೆ, ನನ್ನ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯೂ ಇಲ್ಲ, ಏಕೆಂದರೆ ತಮ್ಮ ಕೋಣೆಯ ಸೆಕೆ ಅರ್ಧ ಡಿಗ್ರಿ ಏರಿದರೂ ಮೂವರು ಎಂಜಿನಿಯರುಗಳ ಮೊಬೈಲು ಒಟ್ಟಿಗೇ ಬೊಬ್ಬೆ ಹೊಡೆದು, ಅವರು ಊಟದ ತಟ್ಟೆ ಬಿಟ್ಟು ಓಡಿ ಬರುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನನ್ನ ಕೋಣೆಯ ಎಸಿ ಕಳೆದ ರಂಜಾನಿನಿಂದ ಕೆಟ್ಟು ಕೂತಿದ್ದು, ಆ ಬಗ್ಗೆ ಕೊಟ್ಟ ದೂರು "ಪ್ರಗತಿಯಲ್ಲಿದೆ" ಎಂದು ತಮ್ಮ ಕಂಪ್ಯೂಟರ್ ಬಂಧುಗಳು ಪ್ರತಿ ಭಾನುವಾರ ತಪ್ಪದೆ ತಿಳಿಸುತ್ತಾರೆ. ಅವರ ಈ ಕಾಳಜಿಗೂ ನಾನು ಋಣಿ.

ಈ ಪತ್ರವನ್ನು ಕನ್ನಡದಲ್ಲಿ ಬರೆದು ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಬಹಿರಂಗಪಡಿಸುತ್ತಿರುವುದಕ್ಕೆ ಕ್ಷಮೆ ಇರಲಿ. ತಾವು ನಲವತ್ತೊಂದು ಭಾಷೆಗಳಲ್ಲಿ ಸೇವೆ ಸಲ್ಲಿಸಬಲ್ಲಿರೆಂದು ತಮ್ಮ ಕರಪತ್ರದಲ್ಲಿ ಓದಿದೆ. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಎರಡೆರಡು ಸಲ ನೋಡಿ, ಕನ್ನಡ ಅದರಲ್ಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಇಷ್ಟು ಧೈರ್ಯವಾಗಿ ಬರೆಯಲು ಕೂತಿದ್ದೇನೆ.

ನನ್ನ ಪರಿಚಯ ತಮಗಿರಲಾರದು. ನಾನು ವಿಲ್ಫ್ರೆಡ್ ಲೋಬೊ, ಊರು ಕಿನ್ನಿಗೋಳಿಯ ಹತ್ತಿರ, ಈ ವಿಶ್ವವಿದ್ಯಾಲಯದಲ್ಲಿ ಹತ್ತೊಂಬತ್ತು ವರ್ಷ ಟೆಲಿಫೋನ್ ಆಪರೇಟರನಾಗಿದ್ದವನು. ತಾವು ಬರುವ ಮೊದಲು ತಮ್ಮ ಜಾಗದಲ್ಲಿ ಒಂದು ಹಳೆಯ ಎಕ್ಸ್‌ಚೇಂಜ್ ಇತ್ತು. ಅದಕ್ಕೆ ಮಾತಾಡಲು ಬರುತ್ತಿರಲಿಲ್ಲ, ಲೆಕ್ಕ ಇಡಲು ಬರುತ್ತಿರಲಿಲ್ಲ, ಯಾರ ಮೇಲೂ ವರದಿ ಬರೆಯಲು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಒಂದೇ, ಒಬ್ಬನ ಫೋನನ್ನು ಇನ್ನೊಬ್ಬನಿಗೆ ಕೊಡುವುದು. ಇಂಥ ಅರೆಬರೆ ವಿದ್ಯಾವಂತನನ್ನು ಒಂದು ಉನ್ನತ ಶಿಕ್ಷಣ ಸಂಸ್ಥೆ ಅಷ್ಟು ವರ್ಷ ಹೇಗೆ ಸಹಿಸಿಕೊಂಡಿತೋ!

ತಾವು ಬಂದ ದಿನದ ವೈಭವವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಖರ್ಜೂರ, ಗಾವಾ ಎಂಬ ಅರಬಿ ಕಾಫಿ, ಮೂರು ಅಂತಸ್ತಿನ ಕೇಕು, ಕೇಕಿನ ಮೇಲೆ ಸಕ್ಕರೆಯ ಫೋನು. ವಿಶ್ವವಿದ್ಯಾಲಯದ ಮುಖ್ಯಸ್ಥರು ಇಂಟರ್ನೆಟ್ ಮೂಲಕ ಮೊದಲ ಕರೆ ಮಾಡಲು ತಮ್ಮನ್ನು ಕೈಗೆತ್ತಿಕೊಂಡಾಗ ತಾವು ಅವರ ಪಾಸ್‌ವರ್ಡ್ ಕೇಳಿದಿರಿ. ಅವರಿಗೆ ಪಾಸ್‌ವರ್ಡ್ ಇರಲಿಲ್ಲ. ಒಂದನ್ನು ಮಾಡಿಕೊಟ್ಟರು, ಅದರಲ್ಲಿ ದೊಡ್ಡಕ್ಷರ ಇಲ್ಲವೆಂದಿರಿ. ದೊಡ್ಡಕ್ಷರ ಹಾಕಿದರು, ಈಗ ಅಪ್‌ಡೇಟ್ ಆಗುತ್ತಿದ್ದೇನೆ, ದಯವಿಟ್ಟು ನನ್ನನ್ನು ಮುಟ್ಟಬೇಡಿ ಎಂದಿರಿ. ಕೊನೆಗೆ ಮುಖ್ಯಸ್ಥರು ಜೇಬಿನಿಂದ ತಮ್ಮ ಸ್ವಂತ ಮೊಬೈಲು ತೆಗೆದು ಐದು ಹೆಜ್ಜೆ ದೂರದಲ್ಲಿ ನಿಂತಿದ್ದ ಲೈಬ್ರರಿಯನ್ನರಿಗೆ ಫೋನ್ ಮಾಡಿ ಅಭಿನಂದನೆ ಹೇಳಿದರು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಹತ್ತೊಂಬತ್ತು ವರ್ಷದಲ್ಲಿ ನನ್ನ ಹಳೆಯ ಎಕ್ಸ್‌ಚೇಂಜಿಗೆ ಒಂದೇ ಒಂದು ಚಪ್ಪಾಳೆ ಬಿದ್ದಿರಲಿಲ್ಲ.

ಅಂದಿನಿಂದ ನನ್ನ ಹುದ್ದೆಯ ಹೆಸರು "ಸಂಪರ್ಕ ರಾಯಭಾರಿ" ಎಂದಾಯಿತು. ಕೆಲಸ ಏನೆಂದು ಕೇಳಿದೆ. ಜನರಿಗೆ ನನ್ನ ಅಗತ್ಯವಿಲ್ಲವೆಂದು ಜನರಿಗೆ ತಿಳಿಸಿಕೊಡುವುದು ಎಂದರು. ತಮ್ಮ ಒಳಗೆ ವಾಸವಾಗಿರುವ ಆ ಮಹಿಳೆ, ಅರಬಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ ಎನ್ನುವವರು, ಎಷ್ಟು ತಾಳ್ಮೆಯವರೆಂದರೆ, ಮಗಳ ಶುಲ್ಕದ ಬಗ್ಗೆ ವಿಚಾರಿಸಲು ಫೋನ್ ಮಾಡಿದ ಅಬು ಹಮೂರ್ ಬಡಾವಣೆಯ ತಂದೆಯೊಬ್ಬರನ್ನು ಒಂಬತ್ತು ಕಡೆ ಸುತ್ತಿಸಿ ಈಜುಕೊಳದ ಕಚೇರಿಗೆ ಮುಟ್ಟಿಸಿ, "ನಿಮ್ಮ ಕರೆ ನಮಗೆ ಬಹಳ ಮುಖ್ಯ" ಎಂದು ಕೊನೆಯವರೆಗೂ ಹೇಳುತ್ತಲೇ ಇದ್ದರಂತೆ. ಆ ತಂದೆ ಮರುದಿನ ಕಾರು ಹತ್ತಿ ನೇರ ನನ್ನ ಕಿಟಕಿಗೆ ಬಂದರು. ಅವರ ಸಿಟ್ಟಿಳಿಯಲು ಎರಡು ಕಪ್ ಕರಕ್ ಚಹಾ ಬೇಕಾಯಿತು.

ಇವೆಲ್ಲ ಸಣ್ಣಪುಟ್ಟ ಸಂಗತಿಗಳು, ಇದಕ್ಕಾಗಿ ತಮ್ಮಂಥವರ ಸಮಯ ಹಾಳು ಮಾಡುವವನು ನಾನಲ್ಲ. ನನ್ನ ದೂರು ಇರುವುದು ತಮ್ಮ ಪಕ್ಕದ ಮನೆಯವರ ವಿಷಯದಲ್ಲಿ. ತಮ್ಮ ಕೋಣೆಯ ಗೋಡೆಗೆ ತಾಗಿಕೊಂಡೇ ಕ್ಲೀನಿಂಗ್ ಸಾಮಾನಿನ ಒಂದು ಸ್ಟೋರ್ ಇದೆ. ಬಕೆಟು, ಮಾಪು, ಫಿನಾಯಿಲ್ ಕ್ಯಾನುಗಳ ನಡುವೆ ಗೋಡೆಗೊಂದು ಫೋನು, ಅದರ ನಂಬರು ೨೧೪. ಅದರ ಉಸ್ತುವಾರಿ ದುಗ್ಗು ಎಂಬವರದ್ದು. ಬೆಳ್ತಂಗಡಿ ಕಡೆಯವರು, ಕ್ಲೀನಿಂಗ್ ಕಂಪೆನಿಯ ಮೂವತ್ತು ಜನರಿಗೆ ಮುಖ್ಯಸ್ಥರು, ಹದಿನೈದು ವರ್ಷದಿಂದ ಇಲ್ಲಿದ್ದಾರೆ. ಎಲ್ಲರೂ ಅವರನ್ನು ದುಗ್ಗಣ್ಣ ಎನ್ನುತ್ತಾರೆ. ಅವರು ನನ್ನನ್ನು, ಕ್ರೈಸ್ತರನ್ನು ಕರೆಯುವ ಊರಿನ ವಾಡಿಕೆಯಂತೆ, ಪೊರ್ಬುಗಳೇ ಎನ್ನುತ್ತಾರೆ.

ಹದಿನೈದು ವರ್ಷದ ಹಿಂದೆ ದುಗ್ಗಣ್ಣ ಬಂದ ಮೊದಲ ವಾರ ಆ ಫೋನು ರಿಂಗಾದಾಗಲೆಲ್ಲ ಓಡಿ ಹೋಗಿ ಎತ್ತುತ್ತಿದ್ದರು. ಆ ಕಡೆಯವರು ಇಂಗ್ಲಿಷಿನಲ್ಲಿ ಏನು ಹೇಳಿದರೂ ಇವರ ಉತ್ತರ "ಯಸ್ ಸರ್, ನೋ ಪ್ರಾಬ್ಲಮ್ ಸರ್." ಬಕೆಟು ಕೇಳಿದವರಿಗೆ ಏಣಿ ಹೋಯಿತು. ಏಣಿ ಕೇಳಿದವರ ಕೋಣೆಯನ್ನು ಎರಡು ಸಲ ತೊಳೆದು ಕೊಟ್ಟರು. ವಾರದ ಕೊನೆಗೆ ನನ್ನ ಬಳಿ ಬಂದು, "ಪೊರ್ಬುಗಳೇ, ಈ ಫೋನು ನನ್ನ ಹೊಟ್ಟೆಗೆ ಕಲ್ಲು ಹಾಕ್ಲಿಕ್ಕೆ ಉಂಟು, ಎಂತಾದ್ರೂ ಮಾಡಿ ಮಾರಾಯ್ರೆ" ಎಂದರು.

ನಾನು ಎಂಥದ್ದೂ ದೊಡ್ಡ ಸಂಶೋಧನೆ ಮಾಡಲಿಲ್ಲ. ಊರಲ್ಲಿ ನಾವೆಲ್ಲ ಮಾಡುತ್ತಿದ್ದದ್ದನ್ನೇ ಹೇಳಿಕೊಟ್ಟೆ. ಬಸ್‌ಸ್ಟಾಂಡಿನಲ್ಲಿ ಇಳಿದು ಮನೆಗೆ ಒಂದು ಮಿಸ್ ಕಾಲ್ ಕೊಟ್ಟರೆ ನನ್ನ ತಮ್ಮ ಬೈಕು ತರುತ್ತಿದ್ದ, ಎರಡು ಕೊಟ್ಟರೆ ಸಾಮಾನು ಜಾಸ್ತಿ ಇದೆಯೆಂದು ರಿಕ್ಷಾ ಕಳಿಸುತ್ತಿದ್ದ. ಅಪ್ಪಿತಪ್ಪಿ ಆ ಫೋನನ್ನು ಎತ್ತಿ ಹಲೋ ಎಂದವನನ್ನು ಮನೆಮಂದಿ ಎರಡು ದಿನ ಮಾತಾಡಿಸುತ್ತಿರಲಿಲ್ಲ. ಅದೇ ಪಾಠವನ್ನು ದುಗ್ಗಣ್ಣನಿಗೆ ಹೇಳಿದೆ: ಫೋನು ಎತ್ತಲೇಬೇಡಿ, ರಿಂಗು ಎಣಿಸಿ. ಒಂದು ರಿಂಗಾಗಿ ನಿಂತರೆ ಪ್ಯಾಂಟ್ರಿಯಲ್ಲಿ ಚಹಾ ಬಂದಿದೆ. ಮೂರಾದರೆ ಎಲ್ಲೋ ನೀರು ಚೆಲ್ಲಿದೆ, ಎಲ್ಲಿ ಎಂದು ಬಂದು ನನ್ನ ಕಿಟಕಿಯಲ್ಲಿ ಕೇಳಿ. ಎರಡಾದರೆ ಬಸ್ಸು ಬಂದಿದೆ.

ಈ ಎರಡು ರಿಂಗಿನ ಬೆಲೆ ತಮಗೆ ತಿಳಿಯಬೇಕಾದರೆ ತಾವೊಮ್ಮೆ ಜುಲೈ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಮೂರನೇ ಗೇಟಿನ ಹೊರಗೆ ನಿಂತು ನೋಡುವ ಕೃಪೆ ಮಾಡಬೇಕು. ಪಾಳಿ ಮುಗಿಸಿದ, ದುಗ್ಗಣ್ಣನೂ ಸೇರಿ ಮೂವತ್ತೊಂದು ಜನರನ್ನು ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿಗೆ ಒಯ್ಯುವ ಕಂಪೆನಿ ಬಸ್ಸು ಎರಡಕ್ಕೂ ಬರಬಹುದು, ಮೂರಕ್ಕೂ ಬರಬಹುದು, ರಸ್ತೆಯ ದಟ್ಟಣೆ ಬಿಟ್ಟಾಗ ಬರುತ್ತದೆ. ಗೇಟಿನಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಅಲ್ಲಿ ನೆರಳಿಲ್ಲ. ನೆಲಮಾಳಿಗೆಯಲ್ಲಿ ನೆರಳಿದೆ, ಆದರೆ ಮೊಬೈಲಿಗೆ ಸಿಗ್ನಲ್ಲಿಲ್ಲ, ಮೇಲಾಗಿ ಕೆಲಸದ ಹೊತ್ತಿನಲ್ಲಿ ಅವರ ಮೊಬೈಲುಗಳು ಗೇಟಿನ ಲಾಕರಿನಲ್ಲಿರುತ್ತವೆ. ಹಾಗಾಗಿ ಬಸ್ಸಿನ ಡ್ರೈವರು ಅಬೂಬಕರ್, ವಿಟ್ಲದವರು, ಗೇಟಿನ ಫೋನಿನಿಂದ ೨೧೪ಕ್ಕೆ ಎರಡು ರಿಂಗು ಕೊಟ್ಟು ಇಟ್ಟುಬಿಡುತ್ತಿದ್ದರು. ಅಷ್ಟೇ. ದುಗ್ಗಣ್ಣ ಎದ್ದರೆ ನೇಪಾಳದವರು, ಬಂಗಾಳದವರು, ತಮಿಳರು, ಮಲೆಯಾಳಿಗಳು ಎಲ್ಲರೂ ಏಳುತ್ತಿದ್ದರು. ತಮ್ಮ ನಲವತ್ತೊಂದು ಭಾಷೆಗಳ ಅಗತ್ಯ ಅಲ್ಲಿ ಬೀಳಲಿಲ್ಲ.

ಹೀಗೆ ಹದಿನೈದು ವರ್ಷ ನಡೆದದ್ದನ್ನು ತಾವು ಬಂದು ಮೂರೇ ತಿಂಗಳಲ್ಲಿ ಎಣಿಸಿ ಮುಗಿಸಿದಿರಿ. ತಮ್ಮ ಮೊದಲ ತ್ರೈಮಾಸಿಕ ವರದಿಯನ್ನು, ತಮ್ಮ ಮೇಲ್ವಿಚಾರಣೆಗೆಂದು ನೇಮಿಸಿದ ಐವರ ಸಮಿತಿಯ ಎದುರು ದೊಡ್ಡ ಪರದೆಯ ಮೇಲೆ ತೋರಿಸಿದ ದಿನ ನಾನೂ ಸಂಪರ್ಕ ರಾಯಭಾರಿಯಾಗಿ ಕೊನೆಯ ಸಾಲಿನಲ್ಲಿದ್ದೆ. ಇಡೀ ವಿಶ್ವವಿದ್ಯಾಲಯದಲ್ಲಿ ಅತಿ ಹೆಚ್ಚು ಕರೆ ಬಂದ ನಂಬರು, ರಿಜಿಸ್ಟ್ರಾರರ ಕಚೇರಿಯನ್ನೂ ಹಿಂದಿಕ್ಕಿ, ೨೧೪. ಬಂದ ಕರೆ ಒಂದು ಸಾವಿರದ ಒಂದು ನೂರ ಎಂಬತ್ತಾರು. ಸ್ವೀಕರಿಸಿದ್ದು ಸೊನ್ನೆ. ಸೊನ್ನೆಯ ಸುತ್ತ ತಾವು ಕೆಂಪು ಬಣ್ಣ ಬಳಿದಿದ್ದಿರಿ, ಅದು ಮಿನುಗುತ್ತಲೂ ಇತ್ತು.

ಸಮಿತಿಯವರಿಗೆ ಆ ಕೋಣೆ ಯಾವುದೆಂದು ತಿಳಿಯದು. ಇಷ್ಟು ಬೇಡಿಕೆಯ ಕಚೇರಿ ನಮ್ಮಲ್ಲಿದೆಯೆಂದು ಒಬ್ಬರು ಹೆಮ್ಮೆಪಟ್ಟರು. ಅದಕ್ಕೆ ಇನ್ನಿಬ್ಬರು ಸಿಬ್ಬಂದಿ ಕೊಡೋಣವೇ ಎಂದು ಇನ್ನೊಬ್ಬರು ಕೇಳಿದರು. ಫೆಸಿಲಿಟೀಸ್ ವಿಭಾಗದ ಅಧಿಕಾರಿಗಳು ಮಾತ್ರ ಪಟ್ಟಿ ನೋಡಿ, ಅದು ಮಾಪು ಇಡುವ ಕೋಣೆ, ಅಲ್ಲಿಯ ಉಸ್ತುವಾರಿ ಮೂರು ತಿಂಗಳಿಂದ ನಿದ್ದೆ ಮಾಡುತ್ತಿರುವಂತಿದೆ ಎಂದರು. ಎಲ್ಲರೂ ನಕ್ಕರು.

ಮಹಾಶಯರೇ, ಆಗ ನಾನು ಎದ್ದು ನಿಲ್ಲಬೇಕಿತ್ತು. ಆ ಸೊನ್ನೆಯ ಅರ್ಥ ಗೊತ್ತಿದ್ದವನು ಆ ಕೋಣೆಯಲ್ಲಿ ನಾನೊಬ್ಬನೇ. ಎದ್ದು ನಿಲ್ಲಲಿಲ್ಲ. ಕೈಯಲ್ಲಿದ್ದ ಸಮೋಸವನ್ನು ತಿಂದು ಮುಗಿಸಿದೆ. ಆ ವಾರವಷ್ಟೇ ಒಂದು ಸುತ್ತೋಲೆ ಬಂದಿತ್ತು, ಮಾತಿನ ಉದ್ದೇಶವಿಲ್ಲದೆ ರಿಂಗು ಕೊಡುವುದು ವಿಶ್ವವಿದ್ಯಾಲಯದ ಸಾಧನದ ದುರುಪಯೋಗವೆಂದು, ಮತ್ತು ಆ ಸಾವಿರದ ಚಿಲ್ಲರೆ ಕರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಮೇಜಿನಿಂದ ಹೋದವು. ನನಗಾಗಲೇ ಐವತ್ತೇಳು, ಹುದ್ದೆಗೆ ಹೆಸರು ಮಾತ್ರ ಉಳಿದಿದೆ, ಅದನ್ನೂ ಕಳೆದುಕೊಳ್ಳುವ ಹೆದರಿಕೆ. ತಮ್ಮ ವರದಿಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಸುಳ್ಳನಂತೆ ಕೂತಿದ್ದವನು ನಾನು.

ಮುಂದೆ ನಡೆದದ್ದು ತಮ್ಮ ಬುದ್ಧಿಶಕ್ತಿಗೆ ಇನ್ನೊಂದು ಗರಿ. ಸಮಿತಿಯ ಆದೇಶದಂತೆ ತಮಗೊಂದು ಹೊಸ ವಿದ್ಯೆ ಹೇಳಿಕೊಡಲಾಯಿತು: ೨೧೪ರಲ್ಲಿ ಮೊದಲ ರಿಂಗಿಗೆ ಯಾರೂ ಎತ್ತದಿದ್ದರೆ ಕರೆಯನ್ನು ನೇರ ಫೆಸಿಲಿಟೀಸ್ ಅಧಿಕಾರಿಗಳ ಮೊಬೈಲಿಗೆ ದಾಟಿಸುವುದು. ಮರುದಿನದಿಂದ ಅಬೂಬಕರ್ ಕೊಟ್ಟ ಎರಡು ರಿಂಗಿನಲ್ಲಿ ಒಂದು ನೆಲಮಾಳಿಗೆಯಲ್ಲೂ ಇನ್ನೊಂದು ಊರಾಚೆಯ ಉಮ್ಮ್ ಸಲಾಲಿನಲ್ಲಿ ಊಟಕ್ಕೆ ಕೂತಿದ್ದ ಅಧಿಕಾರಿಗಳ ತಟ್ಟೆಯ ಪಕ್ಕದಲ್ಲೂ ಆಯಿತು. ಒಂದು ರಿಂಗು ಕೇಳಿದ ಮೂವತ್ತೊಂದು ಜನ ಚಹಾಕ್ಕೆ ಹೋದರು, ಚಹಾ ಇರಲಿಲ್ಲ. ಬಸ್ಸು ಐದು ನಿಮಿಷ ಕಾದು ಖಾಲಿ ಹೋಯಿತು. ಅಧಿಕಾರಿಗಳು ಹಲೋ ಹಲೋ ಎಂದು ಕೂಗಿ ಬಸ್ಸಿನ ಎಂಜಿನ್ ಸದ್ದು ಕೇಳಿದರು. ಮೂರು ದಿನ ಹೀಗೇ ಆಯಿತು, ಮೂರೂ ದಿನ ಆ ಜನ ಬೆಳಗಿನ ಐದರಿಂದ ದುಡಿದ ಮೈಯಲ್ಲಿ ಸಂಜೆಯ ಪಾಳಿಯ ಬಸ್ಸಿನವರೆಗೆ ಬಕೆಟ್ ಮಗುಚಿ ಕೂತರು. ನಾಲ್ಕನೇ ದಿನ ಅಧಿಕಾರಿಗಳು ಆ ವಿದ್ಯೆಯನ್ನು ತೆಗೆಸಿ ಹಾಕಿದರು, ಮತ್ತು ಇಷ್ಟೆಲ್ಲ ಉಪದ್ರಕ್ಕೆ ಕಾರಣನಾದ, ಕರೆ ಎತ್ತದ ಆ ಉಸ್ತುವಾರಿಯ ಕರಾರನ್ನು ನವೀಕರಿಸಬಾರದೆಂದು ಕ್ಲೀನಿಂಗ್ ಕಂಪೆನಿಗೆ ಪತ್ರ ಬರೆದರು. ಪತ್ರಕ್ಕೆ ತಮ್ಮ ಕೆಂಪು ಸೊನ್ನೆಯನ್ನು ಲಗತ್ತಿಸಿದ್ದರು.

ಕಂಪೆನಿಯವರು ದುಗ್ಗಣ್ಣನಿಗೆ ಹದಿನೈದು ದಿನದ ಗಡುವು ಕೊಟ್ಟರು. ಊರಿಗೆ ಹೋಗುವುದಕ್ಕೆ ಅವರಿಗೆ ಬೇಸರವೇನಿಲ್ಲ, ಎರಡು ವರ್ಷದ ನಂತರ, ಮಗಳು ಮೋಕ್ಷಾಳ ಕಾಲೇಜು ಮುಗಿದ ಮೇಲೆ, ತಾನಾಗಿಯೇ ಹೋಗುವೆನೆಂದು ದಿನ ಕೂಡ ಗೊತ್ತು ಮಾಡಿಕೊಂಡಿದ್ದರು. ಅವರಿಗೆ ನೋವಾದದ್ದು ನಿದ್ದೆ ಮಾಡುವವನೆಂಬ ಹೆಸರು ಹೊತ್ತು ಹೋಗಬೇಕಲ್ಲ ಎಂದು. ನನ್ನ ಕಿಟಕಿಯಲ್ಲಿ ಆ ಪತ್ರವನ್ನು ಓದಿಸಿಕೊಂಡು, ಮಡಚಿ ಜೇಬಿಗೆ ಹಾಕಿಕೊಂಡರು. ನಾನು, "ನಿಜ ಹೇಳಿಬಿಡಿ ದುಗ್ಗಣ್ಣ, ರಿಂಗು ಎಣಿಸುತ್ತಿದ್ದೆ ಅಂತ ಹೇಳಿ" ಎಂದೆ. ನೋಡಿ, ಆಗಲೂ ನಾನು ಹೇಳುತ್ತೇನೆ ಎನ್ನಲಿಲ್ಲ.

ಅವರು ಹೇಳಿದ್ದು ಇದು: "ನಾನು ಹೇಳಿದ್ರೆ ನಿಮ್ಮ ಹೆಸರೂ ಬರ್ತದೆ, ಅಬೂಬಕರ್ರದ್ದೂ ಬರ್ತದೆ. ಮತ್ತೆ ಆ ಮೂವತ್ತು ಜನ ಬಿಸಿಲಲ್ಲಿ ನಿಲ್ಲಬೇಕಾಗ್ತದೆ. ನನ್ನ ಒಬ್ಬನದ್ದು ಹೋದ್ರೆ ಖಲಾಸ್ ಅಲ್ವಾ ಪೊರ್ಬುಗಳೇ. ಬಿಡಿ."

ಆ "ಬಿಡಿ" ನನಗೆ ಬಡಿದ ಹಾಗೆ ಸಮಿತಿಯ ಯಾವ ಮೆಮೋ ಕೂಡ ಬಡಿದಿಲ್ಲ. ಆ ಶುಕ್ರವಾರ ಅಬು ಹಮೂರಿನ ಇಗರ್ಜಿಯಲ್ಲಿ ಪೂಜೆಯ ಉದ್ದಕ್ಕೂ ನನಗೆ ಕಂಡದ್ದು ಆ ಸಮೋಸವೇ. ನಾಚಿಕೆಯಾಯಿತು, ಚೆನ್ನಾಗಿಯೇ ಆಯಿತು.

ಭಾನುವಾರ ಬೆಳಿಗ್ಗೆ ತಮ್ಮ ಸೇವಕಿಯರಲ್ಲಿ ಒಬ್ಬಳಾದ ಎಂಜಿನಿಯರ್ ರೀಮಾಳ ಬಳಿ ಹೋದೆ. ಮಂಗಳೂರಿನವರ ಮಗಳು, ಹುಟ್ಟಿ ಬೆಳೆದದ್ದು ಇಲ್ಲೇ, ಕನ್ನಡ ಅವಳ ಬಾಯಲ್ಲಿ ಸ್ವಲ್ಪ ಎಡವುತ್ತದೆ. ಎಲ್ಲವನ್ನೂ ಹೇಳಿದೆ. ಹೇಳಿ, ಆ ಸೊನ್ನೆಯನ್ನು ಹೇಗಾದರೂ ಸರಿಮಾಡಲು ಸಾಧ್ಯವೇ ಎಂದು ಕೇಳಿದೆ. ಅವಳು ಕಂಪ್ಯೂಟರಿನಲ್ಲಿ ಅರ್ಧ ಗಂಟೆ ಹುಡುಕಿ ಹೇಳಿದಳು: "ಅಂಕಲ್, ಗೇಟ್ ಲಾಗ್ ನೋಡಿ. ಟೂ ರಿಂಗ್ಸ್ ಆದ ಫೋರ್ ಮಿನಿಟ್ಸಲ್ಲಿ ಎವ್ರಿ ಡೇ ಥರ್ಟಿ ಒನ್ ಜನ ಔಟ್ ಆಗಿದ್ದಾರೆ. ಆ ಫಾರ್ವರ್ಡ್ ಮಾಡಿದ ತ್ರೀ ಡೇಸ್ ಬಿಟ್ರೆ ಒಂದು ದಿನ ಕೂಡ ಮಿಸ್ ಇಲ್ಲ. ಬಟ್ ಸಿಸ್ಟಮ್‌ನಲ್ಲಿ ಆನ್ಸರ್ ಅಂದ್ರೆ ಪಿಕ್ ಮಾಡೋದು ಮಾತ್ರ. ವಾಕ್ ಮಾಡಿ ಬರೋದಕ್ಕೆ ಕಾಲಮ್ಮೇ ಇಲ್ಲ."

ಇಲ್ಲಿಯೇ ನನ್ನ ಮನವಿ, ಮಹಾಶಯರೇ. ತಾವು ಇಷ್ಟೆಲ್ಲ ಬಲ್ಲವರು, ಆ ಒಂದು ಕಾಲಮ್ಮನ್ನು ಮಾತ್ರ ಯಾಕೆ ಮರೆತಿರಿ? ಒಬ್ಬ ಮನುಷ್ಯ ಫೋನು ಎತ್ತದೆ ಚಪ್ಪಲಿ ಮೆಟ್ಟಿ ಬಂದರೆ ಅದೂ ಒಂದು ಉತ್ತರವೆಂದು ತಮಗೆ ಯಾರಾದರೂ ಅಪ್‌ಡೇಟ್ ಮಾಡುವಂತಾಗಲಿ. ತಮಗೊಬ್ಬಳು ತಾಯಿ ಇದ್ದು, ಆಕೆ ಊರಿನಿಂದ ಮಧ್ಯಾಹ್ನಕ್ಕೊಂದು ಮಿಸ್ ಕಾಲ್ ಕೊಡುವಂತಾಗಲಿ, ಅದನ್ನು ಎತ್ತದೆ, ಆಕೆ ಚೆನ್ನಾಗಿದ್ದಾಳೆಂದು ತಿಳಿದು ತಾವು ಒಂದು ತುತ್ತು ಹೆಚ್ಚು ಊಟ ಮಾಡುವಂತಾಗಲಿ. ತಮ್ಮ ಕೋಣೆಯ ಎಸಿ ಒಂದೇ ಒಂದು ದಿನ ಕೆಟ್ಟು, ಪಕ್ಕದ ಸ್ಟೋರಿನಿಂದ ದುಗ್ಗಣ್ಣ ಒಂದು ಒದ್ದೆ ಬಟ್ಟೆ ತಂದು ತಮ್ಮ ನೆತ್ತಿಯ ಮೇಲೆ ಹಾಕುವಂತಾಗಲಿ. ಅವರು ಖಂಡಿತ ತರುತ್ತಾರೆ, ತಮ್ಮಂತೆ ಅವರು ಲೆಕ್ಕ ಇಡುವವರಲ್ಲ.

ರೀಮಾ ಕೊಟ್ಟ ಕಾಗದ ಹಿಡಿದು ಫೆಸಿಲಿಟೀಸ್ ಅಧಿಕಾರಿಗಳಲ್ಲಿಗೆ ಹೋದರೆ, ಗೇಟಿನ ಲೆಕ್ಕ ಸೆಕ್ಯುರಿಟಿ ವಿಭಾಗದ್ದು, ಫೋನಿನ ಲೆಕ್ಕ ಐಟಿ ವಿಭಾಗದ್ದು, ಎರಡನ್ನೂ ಒಟ್ಟಿಗೆ ಓದಲು ಯಾರಿಗೂ ಅಧಿಕಾರವಿಲ್ಲವೆಂದರು. ಆದರೂ ನ್ಯಾಯವಂತರಾದ ಸಮಿತಿಯವರು ದುಗ್ಗಣ್ಣನಿಗೆ ಒಂದು ಕೊನೆಯ ಅವಕಾಶ ಕೊಡಲು ಒಪ್ಪಿ, ಮಂಗಳವಾರ ಮಧ್ಯಾಹ್ನ ಐವರೂ ಖುದ್ದಾಗಿ ಸ್ಟೋರಿಗೆ ಬಂದರು. ಒಂದೂವರೆಗೆ ಬರಬೇಕಿದ್ದವರು ನೆಲಮಾಳಿಗೆ ಎಲ್ಲಿದೆಯೆಂದು ಹುಡುಕಿ ಬರುವಾಗ ಎರಡೂಕಾಲು. ಕೂರಲು ಜಾಗವಿಲ್ಲದೆ ಫಿನಾಯಿಲ್ ಕ್ಯಾನುಗಳ ನಡುವೆ ಕೋಟಿನ ತುದಿ ಎತ್ತಿಕೊಂಡು ನಿಂತರು. ಹಿಂದಿನಿಂದ ರೀಮಾ, ಅವಳ ಹಿಂದೆ ನಾನು.

ಸಮಿತಿಯ ಅಧ್ಯಕ್ಷರು ಒಳ್ಳೆಯವರು, ಮೇಷ್ಟ್ರ ಗುಣದವರು. ದುಗ್ಗಣ್ಣನನ್ನು ಫೋನಿನ ಎದುರು ನಿಲ್ಲಿಸಿ, ರಿಂಗಾದ ಕೂಡಲೇ ಎಡಗೈಯಲ್ಲಿ ಎತ್ತಬೇಕು, ಬಲಗೈಯಲ್ಲಿ ಪೆನ್ನು ಹಿಡಿಯಬೇಕು, ಗುಡ್ ಆಫ್ಟರ್‌ನೂನ್ ಎನ್ನಬೇಕು, ಕೋಣೆಯ ಹೆಸರು ಹೇಳಬೇಕು ಎಂದು ಸಾವಕಾಶವಾಗಿ ಇಂಗ್ಲಿಷಿನಲ್ಲಿ ವಿವರಿಸಿ, ಎತ್ತಿ ತೋರಿಸಿ, ಇಟ್ಟು ತೋರಿಸಿದರು. ಈಗ ಮೇಲಿನಿಂದ ನಮ್ಮ ಕಾರ್ಯದರ್ಶಿ ಕರೆ ಮಾಡುತ್ತಾರೆ, ಎತ್ತಿ ಮಾತಾಡಿದರೆ ಪುನರ್ವಿಮರ್ಶೆ ಮಾಡುತ್ತೇವೆ ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ದುಗ್ಗಣ್ಣ ತಲೆಯಾಡಿಸಿದರು.

ಫೋನು ರಿಂಗಾಯಿತು. ದುಗ್ಗಣ್ಣ ಕೈ ಮುಂದೆ ಚಾಚಿದರು. ಇನ್ನೊಮ್ಮೆ ರಿಂಗಾಯಿತು. ಅಲ್ಲಿಗೆ ನಿಂತಿತು.

ಚಾಚಿದ ಕೈಯನ್ನು ದುಗ್ಗಣ್ಣ ಹಿಂದಕ್ಕೆ ತೆಗೆದುಕೊಂಡು, ಗೂಟದಿಂದ ತಮ್ಮ ಚೀಲ ಇಳಿಸಿಕೊಂಡು, ಅಧ್ಯಕ್ಷರ ಕಡೆ ತಿರುಗಿ ಬಹಳ ಮರ್ಯಾದೆಯಿಂದ "ಬಸ್ ಕಮ್, ಸರ್. ಥರ್ಟಿ ಪೀಪಲ್" ಎಂದು ಹೇಳಿ ಹೊರಟೇ ಬಿಟ್ಟರು. ಪಂಪುಗಳ ಮರೆಯಿಂದ, ಪೈಪುಗಳ ಅಡಿಯಿಂದ, ಮಗುಚಿಟ್ಟ ಬಕೆಟುಗಳ ಮೇಲಿನಿಂದ ಜನ ಎದ್ದರು, ತಿಂಡಿ ಡಬ್ಬಿ ಹಿಡಿದುಕೊಂಡು, ಸಮಿತಿಯವರಿಗೆ ಒಬ್ಬೊಬ್ಬರೂ ಸಲಾಂ ಹೇಳುತ್ತಾ, ಸಾಲಾಗಿ ಮೆಟ್ಟಿಲು ಹತ್ತಿದರು. ಯಾರೂ ಓಡಲಿಲ್ಲ, ಯಾರೂ ಮಾತಾಡಲಿಲ್ಲ. ಮೂರು ನಿಮಿಷದಲ್ಲಿ ನೆಲಮಾಳಿಗೆ ಖಾಲಿ. ಹಿಂದೆಯೇ ಹೋದ ನಮಗೆ ಗೇಟಿನ ಗಾಜಿನಾಚೆ ಕಂಡದ್ದು ಬಸ್ಸಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಬೆನ್ನು ಮುಟ್ಟಿ ಎಣಿಸುತ್ತಿದ್ದ ದುಗ್ಗಣ್ಣ, ಮತ್ತು "ಯಲ್ಲಾ ದುಗ್ಗಣ್ಣ, ಪೊಲೀಸರು ಬಂದ್ರೆ ನಂಗೆ ಮುಖಾಲಫಾ, ದಂಡ ಬೀಳ್ತದೆ, ಬೇಗ ಹತ್ತಿ ಮಾರಾಯ್ರೆ" ಎಂದು ಸ್ಟೀರಿಂಗಿನಿಂದ ಕೂಗುತ್ತಿದ್ದ ಅಬೂಬಕರ್. ತನ್ನ ಕೆಲಸ ಹೋಗುವ ವಿಚಾರಣೆಯನ್ನು ಅರ್ಧಕ್ಕೆ ಬಿಟ್ಟು ಬಂದ ಮನುಷ್ಯ ಎಲ್ಲರನ್ನೂ ಹತ್ತಿಸಿ ಕೊನೆಗೆ ತಾನು ಹತ್ತಿದರು.

ಅಧ್ಯಕ್ಷರು ಗಾಜಿನ ಈಚೆ ನಿಂತು, ಹೊರಗಿನ ಬಿಸಿಲು ನೋಡಿ, ಗಡಿಯಾರ ನೋಡಿ, ಅವರಿಗೆ ಹೇಗೆ ಗೊತ್ತಾಯಿತು, ಇದನ್ನು ಯಾರು ಕಲಿಸಿದ್ದು ಎಂದು ಕೇಳಿದರು. ರೀಮಾ ನನ್ನ ಕಡೆ ನೋಡಲಿಲ್ಲ, ಅದು ಅವಳ ದೊಡ್ಡತನ. ಈ ಸಲ ನನ್ನ ಕೈಯಲ್ಲಿ ತಿನ್ನಲು ಏನೂ ಇರಲಿಲ್ಲ. "ನಾನು ಸರ್" ಎಂದೆ. ಹದಿನೈದು ವರ್ಷದಿಂದ ಅವರು ಒಂದು ಕರೆಗೂ ಉತ್ತರ ಕೊಡದೆ ಇದ್ದದ್ದಿಲ್ಲ, ಈಗಷ್ಟೇ ನೀವು ನೋಡಿದ್ದೇ ಅವರ ಉತ್ತರ, ತಪ್ಪಿದ್ದರೆ ನನ್ನದು ಎಂದೂ ಹೇಳಿದೆ. ಹೇಳಿದ ಮೇಲೆ, ಆ ಸಮೋಸದ ದಿನದಿಂದ ಮೊದಲ ಬಾರಿಗೆ ಹಗುರವಾಯಿತು.

ಅಧ್ಯಕ್ಷರು ಆ ಸಂಜೆಯೇ ಕಂಪೆನಿಗೆ ಪತ್ರ ಬರೆದು ದುಗ್ಗಣ್ಣನ ಕರಾರು ನವೀಕರಿಸಲು ಹೇಳಿದರು. ಎರಡು ವರ್ಷ. ಸುದ್ದಿ ಹೇಳಿದಾಗ ದುಗ್ಗಣ್ಣ, "ಹೌದಾ? ಒಳ್ಳೇದಾಯ್ತು. ಆದ್ರೆ ಅವತ್ತು ಕಾರ್ಯದರ್ಶಿಯವರ ಫೋನು ಬರ್ಲೇ ಇಲ್ವಲ್ಲ ಪೊರ್ಬುಗಳೇ, ಪಾಪ ಎಂತ ಆಯ್ತೋ" ಎಂದರು. ಕಾರ್ಯದರ್ಶಿಯವರು ಅಂದು ಪಾಸ್‌ವರ್ಡ್ ಮರೆತಿದ್ದರಂತೆ. ನನಗೆ ಶಿಕ್ಷೆಯಾಗಿ, ಒಂದು, ಎರಡು, ಮೂರು ರಿಂಗಿನ ಪದ್ಧತಿಯನ್ನು ಪ್ರಮಾಣಿತ ಕಾರ್ಯವಿಧಾನವಾಗಿ ಹದಿನಾಲ್ಕು ಪುಟಗಳಲ್ಲಿ, ನಕ್ಷೆ ಸಹಿತ ಬರೆದುಕೊಡಲು ಆಜ್ಞೆಯಾಯಿತು. ಬರೆದುಕೊಟ್ಟೆ. ಇನ್ನು ರೀಮಾ ಮಾಡಿದ ಉಪಕಾರವನ್ನು ತಮ್ಮೆದುರು ಹೇಳಬಾರದು, ಆದರೆ ತಮಗೆ ಕನ್ನಡ ಬಾರದ ಕಾರಣ ಹೇಳುತ್ತೇನೆ. ಮುಂದಿನ ತಿಂಗಳಿನಿಂದ ೨೧೪ ಎಂಬ ನಂಬರು ತಮ್ಮ ವರದಿಗಳಲ್ಲಿ ಕಾಣಿಸದು. ಫೋನು ರಿಂಗಾಗುತ್ತದೆ, ತಾವು ಎಣಿಸುವುದಿಲ್ಲ. ತಮ್ಮ ಲೆಕ್ಕದಲ್ಲಿ ಇಲ್ಲದವರಾದ್ದರಿಂದಲೇ ದುಗ್ಗಣ್ಣ ಇಲ್ಲಿ ಉಳಿದಿದ್ದಾರೆ.

ತಮ್ಮ ಆಯುಷ್ಯ, ವಾರಂಟಿ ಇರುವಷ್ಟು ಕಾಲ, ವೃದ್ಧಿಯಾಗಲಿ ಎಂದು ಹಾರೈಸುತ್ತಾ,

ತಮ್ಮ ಲೆಕ್ಕಕ್ಕೆ ಕೊನೆಗೂ ಸಿಕ್ಕಿಬಿದ್ದ ವಿಶ್ವಾಸಿ,
ವಿಲ್ಫ್ರೆಡ್ ಲೋಬೊ
ಸಂಪರ್ಕ ರಾಯಭಾರಿ

ಮರೆತ ಮಾತು: ವಿಚಾರಣೆಗೆ ಒಳಗಾದ ನೌಕರನ ಹೆಸರಿನಲ್ಲಿ ನಂಬರು ಇರಬಾರದೆಂಬ ನಿಯಮದಂತೆ ಆ ಮಂಗಳವಾರ ೨೧೪ನ್ನು ವಿಚಾರಣೆಯ ಹೊತ್ತಿನ ಮಟ್ಟಿಗೆ ಅಧ್ಯಕ್ಷರ ಹೆಸರಿಗೆ ವರ್ಗಾಯಿಸಿದ್ದರಂತೆ. ಈ ತಿಂಗಳ ತಮ್ಮ ವರದಿ ನಿನ್ನೆ ಎಲ್ಲ ವಿಭಾಗಗಳಿಗೂ ತಲುಪಿದೆ: ಉಸ್ತುವಾರಿ, ಅಧ್ಯಕ್ಷರು, ಬಂದ ಕರೆ ಒಂದು, ಸ್ವೀಕರಿಸಿದ್ದು ಸೊನ್ನೆ. ಸೊನ್ನೆ ಕೆಂಪಗಿದೆ, ಮಿನುಗುತ್ತಲೂ ಇದೆ. ಅಧ್ಯಕ್ಷರ ಕರಾರಿನ ನವೀಕರಣವೂ ಮುಂದಿನ ತಿಂಗಳೇ ಇದೆ ಎಂದು ಕೇಳಿದೆ. ತಾವು ಯಾರಿಗೂ ಪಕ್ಷಪಾತ ಮಾಡುವವರಲ್ಲವೆಂದು ನನಗೆ ಮೊದಲಿನಿಂದಲೂ ಗೊತ್ತಿತ್ತು.